ತಪ್ಪು ಬಣ್ಣದ ತಗಡುಗಳು

ಮಹಾಲಕ್ಷ್ಮಿಯ ಕಣ್ಣಿಗೆ ರಾಜಗೋಪಾಲನಗರದಲ್ಲೆಲ್ಲ ಹೆಸರಿತ್ತು. ಮದುವೆ ಸೀರೆಗೆ ಬ್ಲೌಸ್ ಪೀಸ್ ತರಲು ಹೊರಟ ಹೆಂಗಸರು ಸೀರೆ ಮರೆತರೂ ಅವಳನ್ನು ಮರೆಯುತ್ತಿರಲಿಲ್ಲ. ಒಮ್ಮೆ ನೋಡಿದ ಬಣ್ಣ ಅವಳ ತಲೆಯಲ್ಲಿ ಹಾಗೇ ಕೂತುಬಿಡುತ್ತಿತ್ತು. ಆ ಹೆಸರಿನ ಬಲದ ಮೇಲೆಯೇ ಪೀಣ್ಯದ ಪೇಂಟ್ ಶಾಪ್ ಸೇರಿದ್ದಳು. ಗಿರಾಕಿ ತಂದ ಹಳೇ ಮೆಷಿನ್ ಮುಚ್ಚಳ ನೋಡಿ ಅದೇ ಬಣ್ಣ ಕಲೆಸಿಕೊಡುವುದು ಅಲ್ಲಿನ ದೊಡ್ಡ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನು ಮಾಡುತ್ತಿದ್ದವನು ನಲ್ಲಪ್ಪ. ತಿಂಗಳ ಕೊನೆಗೆ ಅವನು ಕೆಲಸ ಬಿಡುವವನಿದ್ದ. ಆ ಜಾಗಕ್ಕಾಗಿ ಮಹಾಲಕ್ಷ್ಮಿ ಹಗಲಿರುಳು ಹಂಬಲಿಸುತ್ತಿದ್ದಳು.

ಆದರೆ ಈ ಮುದುಕನ ವರಸೆಯೇ ಬೇರೆ. "ಕಣ್ಣಿದ್ರೆ ಸಾಲ್ದು ಕಣಮ್ಮ. ಯಾವ ಬಣ್ಣ ಎಷ್ಟು ಆಕ್ತೀಯ ಅಂತ ಮೊದ್ಲು ಬರಿ, ಆಮೇಲೆ ಕಲ್ಸು" ಅನ್ನುತ್ತಿದ್ದ. ಕಲೆಸಿದ್ದನ್ನು ಅಂಗೈಯಗಲದ ತಗಡಿಗೆ ಬಳಿದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಬೇಕು. ಹಸಿಯಲ್ಲಿ ಸರಿ ಕಂಡ ಬೂದು ಬಣ್ಣ ಒಣಗಿದ ಮೇಲೆ ಹಸಿರಿಗೆ ತಿರುಗಿರುತ್ತಿತ್ತು. ಮತ್ತೆ ಕಲೆಸು, ಮತ್ತೆ ಬಳಿ. ಒಂದೇ ಬಣ್ಣಕ್ಕೆ ಹದಿನಾರು ಸಲ ಮಾಡಿಸಿದ್ದೂ ಉಂಟು. ಹೊಂದಿದ ತಗಡು ಗಿರಾಕಿಗೆ ಹೋಗುತ್ತಿತ್ತು. ಹೊಂದದ್ದನ್ನೆಲ್ಲ ಹಿಂಬದಿಗೆ ತಾರೀಖು ಗೀಚಿ, ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಿದ್ದ.

ಬರೀ ತಪ್ಪನ್ನು ಕೂಡಿಡುವವನು ಎಂಥ ಮನುಷ್ಯ? ಉತ್ತರಕ್ಕೆ ಮಹಾಲಕ್ಷ್ಮಿ ಬಹಳ ಹುಡುಕಬೇಕಾಗಲಿಲ್ಲ. ನಲ್ಲಪ್ಪನ ತಂಗಿಯ ಮಗ ಪ್ರಸನ್ನ ಅದೇ ಶಾಪಿನಲ್ಲಿದ್ದ, ಡಿಪ್ಲೊಮಾ ಓದಿದವನು. ಅವನ ಕೈಯಲ್ಲಿ ನಲ್ಲಪ್ಪ ಒಂದು ತಗಡನ್ನೂ ಬಳಿಸಿರಲಿಲ್ಲ. ಸೋದರಳಿಯನಿಗೆ ಕುರ್ಚಿ, ತನಗೆ ಶಿಕ್ಷೆ! ಗುರುವಾರ ಮಾಲೀಕರಾದ ಪದ್ಮಾವತಿ ಮೇಡಂ ಹತ್ತಿರ ಮುದುಕ ಗುಸುಗುಸು ಮಾಡುವುದೂ ಕಿವಿಗೆ ಬಿತ್ತು. "ಶನಿವಾರ ಎಲ್ಲಾ ತೋರಿಸ್ತೀನಿ ಮೇಡಂ, ಆಮೇಲೆ ನೀವೇ ತೀರ್ಮಾನ ಮಾಡಿ."

ಶುಕ್ರವಾರ ಅವನು ಟೀಗೆ ಹೋದಾಗ ಡ್ರಾಯರಿಗೆ ಬೀಗ ಹಾಕಿರಲಿಲ್ಲ. ಮಹಾಲಕ್ಷ್ಮಿ ತಗಡುಗಳನ್ನೆಲ್ಲ ಬಾಚಿ ಗುಜರಿ ರಾಶಿಗೆ ಸುರಿದಳು. ಸಂಜೆಯೊಳಗೆ ಗುಜರಿ ಗಾಡಿ ಬಂದು ಎಲ್ಲವನ್ನೂ ತುಂಬಿಕೊಂಡು ಹೋಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಇವಳಿಗೆ ಮಾತ್ರ ಹಾಯೆನಿಸಿತು.

ಶನಿವಾರ ಮೇಡಂ ಎದುರು ನಲ್ಲಪ್ಪ ಡ್ರಾಯರ್ ಎಳೆದ. ಒಳಗೆ ಏನೂ ಇರಲಿಲ್ಲ. ಸುಮ್ಮನೆ ಒಳಗೆಲ್ಲ ಕೈಯಾಡಿಸಿದ.

"ಇದ್ರಲ್ಲೇ ಇತ್ತು ಮೇಡಂ. ಮೊದಲ್ನೇ ತಿಂಗ್ಳು ಒಂದು ಬಣ್ಣಕ್ಕೆ ಅದಿನೈದು ತಪ್ಪು ತಗಡು, ಈ ತಿಂಗ್ಳು ಒಂದೇ. ಸಾಲಾಗಿ ಜೋಡ್ಸಿ ತೋರಿಸ್ಬೇಕು ಅಂತಿದ್ದೆ. ಕಣ್ಣು ದ್ಯಾವ್ರು ಕೊಟ್ಟಿದ್ದು, ಕೆಲಸ ಈ ಹೆಣ್ಮಗಳೇ ಕಲ್ತಿದ್ದು. ನಮ್ಮುಡುಗ ಪ್ರಸನ್ನಂಗೆ ಆ ತಾಳ್ಮೆ ಇಲ್ಲ."

ಮಹಾಲಕ್ಷ್ಮಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದಳು. "ನಾನೇ ಗುಜರಿಗೆ ಹಾಕ್ದೆ ಮೇಡಂ. ನನ್ನ ತಪ್ಪು ತೋರ್ಸಿ ಕೆಲಸ ತಪ್ಪಿಸ್ತಾರೆ ಅಂದ್ಕೊಂಡಿದ್ದೆ."

"ಮತ್ತೆ ನಾನು ಏನ್ ನೋಡಿ ನಿಂಗೆ ಆ ಜಾಗ ಕೊಡ್ಲಿ?" ಎಂದರು ಮೇಡಂ.

ಮಹಾಲಕ್ಷ್ಮಿ ಬೆಳಿಗ್ಗೆಯಷ್ಟೇ ಬಂದಿದ್ದ ಮುಚ್ಚಳವೊಂದನ್ನು ಎತ್ತಿಕೊಂಡಳು. ಅಂದಾಜು ಬರೆದಳು, ಕಲೆಸಿದಳು, ಬಳಿದು ಒಣಗಿಸಿದಳು. ಮೊದಲ ತಗಡು ಕೊಂಚ ನೀಲಿಯಾಯಿತು. ಎರಡನೆಯದನ್ನು ಬಿಸಿಲಲ್ಲಿ ಮುಚ್ಚಳದ ಪಕ್ಕ ಹಿಡಿದಾಗ ಮೇಡಂಗೆ ವ್ಯತ್ಯಾಸ ಕಾಣಲಿಲ್ಲ. "ಒಂದನೇ ತಾರೀಖಿಂದ ನೀನೇ" ಎಂದರು.

ತಿರುಗಿ ನೋಡಿದರೆ ನಲ್ಲಪ್ಪ ಇರಲಿಲ್ಲ. ಅವಳು ತುಮಕೂರು ರಸ್ತೆಯ ತನಕ ಓಡಿದಳು. ಅರ್ಧ ಎದ್ದಿದ್ದ ಮೆಟ್ರೋ ಕಂಬದ ನೆರಳಲ್ಲಿ ಅವನು ಬಸ್ಸಿಗೆ ಕಾಯುತ್ತಿದ್ದ.

"ನಲ್ಲಪ್ಪಣ್ಣ, ಕ್ಷಮಿಸ್ಬಿಡಿ. ನಂಗೆ ಅನುಮಾನ ಬಂದ್ಬಿಡ್ತು."

"ಅನುಮಾನ ಇರ್ಬೇಕು ಕಣಮ್ಮ. ಇಲ್ದಿದ್ರೆ ಎರಡ್ನೇ ತಗಡು ಯಾರು ಬಳೀತಾರೆ?" ಬಸ್ಸು ಬರುವ ದಿಕ್ಕಿಗೇ ನೋಡುತ್ತಾ ಹೇಳಿದ. "ಆ ಅನುಮಾನ ನಿನ್ ಕಣ್ಣಿನ ಮ್ಯಾಲೆ ಪಡು ಅಂತ ಕಲಿಸ್ದೆ. ನೀನು ನನ್ ಮ್ಯಾಲೆ ಪಟ್ಟೆ."

ಬಸ್ಸು ಬಂತು. ಅವನು ಹತ್ತಿ ಹೋದ. ಮಹಾಲಕ್ಷ್ಮಿ ರಸ್ತೆ ಬದಿಯಲ್ಲೇ ನಿಂತು, ಹೋಗಿ ಬರುವವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತಳು.