ತಳದಲ್ಲಿ ಶಿಲುಬೆಯಿದ್ದ ಲೋಟ

ಚೆಂಡುಹೂವಿನ ಘಾಟು ಮೂಗಿನೊಳಗೆ ಉಗುರಿಂದ ಕೆರೆದಂತೆ, ಅದರ ಬೆನ್ನಿಗೇ ಧೂಪ, ಧೂಪದ ಬೆನ್ನಿಗೆ ಅದು — ಮೆಸ್ಕಾಲ್ ಸಾರಾಯಿ, ಯಾರೋ ಸೀಸೆಯ ಬಿರಡೆ ಕಿತ್ತಿದ್ದಾರೆ, ಅಡುಗೆಮನೆಯಲ್ಲಿದ್ದ ಎರ್ಮೀನಿಯಾಳಿಗೆ ಗೋಡೆಯಾಚೆಯಿಂದಲೇ ಗೊತ್ತಾಯಿತು, ನಲವತ್ತು ವರ್ಷ ಆ ಬಿರಡೆಯ ಸದ್ದಿಗೇ ಎದ್ದು ಆ ಸದ್ದಿಗೇ ಮಲಗಿದವಳಿಗೆ ಗೊತ್ತಾಗದೆ ಇನ್ನಾರಿಗೆ, ಸೌಟು ಮೋಲೆಯ ಕಪ್ಪು ಸಾರಿನಲ್ಲಿ ಹಾಗೇ ನಿಂತಿತು, ಬೇಡ ಎಂದಿದ್ದಳಲ್ಲ, ಬೆಳಿಗ್ಗೆಯೇ ಹೇಳಿದ್ದಳಲ್ಲ, ಸತ್ತವರ ಹಬ್ಬದ ಪೀಠದ ಮೇಲೆ ಹೂವು, ಉಪ್ಪು, ರೊಟ್ಟಿ, ನೀರು, ಗಂಡನ ಪಟ, ಅಷ್ಟೇ ಸಾಕು ಎಂದು. ಅದು ಹೇಗಾಗುತ್ತೆ ದೊನ್ಯಾ ಎರ್ಮೀನಿಯಾ, ಎಂದಿದ್ದರು ಶಾಲೆಯ ಗೌದೆನ್ಸಿಯೊ ಮೇಷ್ಟ್ರು, ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡು, ನಿಮ್ಮ ಯಜಮಾನರು ಲಿಸಾಂದ್ರೊ ಉರ್ಕೀಸಾ ಅಂದ್ರೆ ಕಥೆ ಓದೋ ಲೋಕಕ್ಕೇ ಗೊತ್ತು, ಸತ್ತ ಮೇಲೆ ಮೊದಲನೇ ಸಲ ಮನೆಗೆ ಬರ್ತಿದ್ದಾರೆ, ಅಷ್ಟು ದೂರದಿಂದ ಬಂದವರಿಗೆ ನೀರು ಕುಡಿಸಿ ಕಳಿಸ್ತೀರಾ, ಅವರೇನು ಎಮ್ಮೆಯೇ? ಪಕ್ಕದ ಮನೆಯ ಕ್ರಿಸಾಂತಾ ಕಿಸಕ್ಕೆಂದಿದ್ದಳು, ಎಮ್ಮೆಯಾದ್ರೂ ಮೂಸಿ ನೋಡಿ ನೀರು ಕುಡೀತದೆ ಮೇಷ್ಟ್ರೇ, ಈ ಮಹಾನುಭಾವ ನೀರು ಮುಟ್ಟಿದ್ದು ಎರಡೇ ಸಲ, ಒಂದು ಜ್ಞಾನಸ್ನಾನಕ್ಕೆ, ಇನ್ನೊಂದು ಹೆಣ ತೊಳೆದಾಗ. ಎಲ್ಲರೂ ನಕ್ಕರು. ಈ ಮನೆಯಲ್ಲಿ ಎಲ್ಲರೂ ಯಾವಾಗಲೂ ನಗುತ್ತಲೇ ಇದ್ದರು, ಬಂದವರು ನಗುತ್ತ ಬಂದರು, ನಗುತ್ತ ಹೋದರು, ಬಾಗಿಲು ಮುಚ್ಚಿದ ಮೇಲಿನದು ಅವರಿಗೇನು ಗೊತ್ತು, ಊರಿಗೆ ಉಪಕಾರಿ, ಮನೆಗೆ ಮಾರಿ.

ಮೂರು ಗಂಟೆಗೆ ಇಗರ್ಜಿಯ ಗಂಟೆ ಬಡಿದಾಗ ಸತ್ತ ದೊಡ್ಡವರ ಆತ್ಮಗಳು ಊರೊಳಗೆ ಕಾಲಿಡುತ್ತವೆ, ಮೂರು ಗಂಟೆಗೇ ವಹಾಕಾ ನಗರದ ಬಸ್ಸು ಕೂಡ — ಎಂಥ ಗಳಿಗೆ ನೋಡಿ ಹೊರಟಳೋ ಈ ಹುಡುಗಿ, ಹುಡುಗಿಯೇನು ಬಂತು, ಮೂವತ್ತಮೂರು ತುಂಬಿತು ಸೆನಾಯ್ದಾಳಿಗೆ, ಹೊಸ್ತಿಲು ದಾಟಿ ಹೋಗಿ ಹದಿನಾಲ್ಕು ವರ್ಷ, ಅಪ್ಪನ ಮಣ್ಣಿಗೂ ಬರಲಿಲ್ಲ, ಮೊನ್ನೆ ಫೋನಿನಲ್ಲಿ ಆ ಗಟ್ಟಿ ಸ್ವರ, ಬರ್ತೀನಮ್ಮ, ನಿನಗೋಸ್ಕರ ಬರ್ತೀನಿ, ಆದ್ರೆ ಮನೇಲಿ ಆ ವಾಸನೆ ಬಂತು ಅಂದ್ರೆ ಬಾಗಿಲಿಂದ್ಲೇ ತಿರುಗಿ ಹೋಗ್ತೀನಿ, ಮತ್ತೆ ಕರೀಬೇಡ. ಆಯ್ತು ಮಗಳೇ ಎಂದಿದ್ದಳು ಎರ್ಮೀನಿಯಾ. ಮಗಳಿಗೂ ಆಯ್ತು, ಮೇಷ್ಟ್ರಿಗೂ ಆಯ್ತು, ಗಂಡನಿಗೂ ಆಯ್ತು, ಜೀವಮಾನವಿಡೀ ಆಯ್ತು ಎನ್ನುವುದೊಂದೇ ಕಲಿತ ನಾಲಿಗೆ — ಸೀಸೆ ಇಟ್ಟರೆ ಮಗಳು ಹೋಗುತ್ತಾಳೆ, ಇಡದಿದ್ದರೆ ಸತ್ತವನನ್ನು ಬಾಯಾರಿಸಿ ಅಳಿಸಿ ಕಳಿಸಿದಳು ಈ ಮುದುಕಿ ಎಂದು ಊರು ಉಗುಳುತ್ತದೆ, ಉಗುಳಲಿ, ಉಗುಳು ಒರೆಸಿಕೊಳ್ಳಬಹುದು. ಸೌಟು ಬಿಟ್ಟು, ಲಂಗಕ್ಕೆ ಕೈ ಒರೆಸಿ, ನಡುಮನೆಗೆ ಬಂದಳು, ಗೋಡೆಯ ಗಡಿಯಾರದಲ್ಲಿ ಎರಡೂ ಐವತ್ತು. ರಾಜಧಾನಿಯಿಂದ ಬಂದ ಇಬ್ಬರು ತರುಣ ಲೇಖಕರು ಪಟದ ಮುಂದೆ ಮಂಡಿಯೂರಿದ್ದಾರೆ, ಸಂತನಿಗೆ ಹರಕೆ ತಂದಂತೆ ಆಳಿಗೊಂದು ಸೀಸೆ, ಒಬ್ಬ ಕೇಳುತ್ತಾನೆ, ಅಮ್ಮಾ, ಅವರು ಯಾವ ಮೆಸ್ಕಾಲ್ ಕುಡಿದು ಬರೀತಿದ್ರು? ಕುಡಿದು ಬರೆಯುತ್ತಿದ್ದರಂತೆ! ಕುಡಿದು ಬರೆದದ್ದನ್ನೆಲ್ಲ ಇವಳು ಒಲೆಗೆ ಹಾಕಿದ್ದಾಳೆ, ಒಂದೇ ಸಾಲು ನೂರು ಸಲ, ವಾಂತಿ ಮೆತ್ತಿದ ಹಾಳೆ, ಲೋಕ ಓದಿದ್ದೆಲ್ಲ ಕುಡಿತ ಬಿಟ್ಟ ದಿನಗಳ ಬೆಳಗುಗಳದ್ದು, ಕೈ ನಡುಗದ ಬೆಳಗುಗಳು, ವರ್ಷಕ್ಕೆ ನಲವತ್ತೋ ಐವತ್ತೋ, ಅದನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನಂಬುತ್ತಿರಲಿಲ್ಲ.

ಆಮೇಲೆ ಕಣ್ಣು ಪೀಠದ ಮೇಲೆ ಬಿತ್ತು, ಅಲ್ಲಿ, ಸಕ್ಕರೆಯ ತಲೆಬುರುಡೆಗಳ ನಡುವೆ, ಗಿಳಿ. ಕಾಗದದ ಗಿಳಿ, ಮೊಣಕೈಯಷ್ಟು ಎತ್ತರ, ಹಸಿರು ಹಳದಿ, ಎಡಗಣ್ಣಿನ ಮೇಲೆ ಕಪ್ಪು ಬಟ್ಟೆಯ ಪಟ್ಟಿ. ಇಡೀ ಶಾಲೆ ಸೇರಿ ಮಾಡಿದ್ದು ದೊನ್ಯಾ, ಎಂದು ಮೇಷ್ಟ್ರು ಬೀಗಿದರು, ಅವರ ಒಂಟಿಗಣ್ಣಿನ ಗಿಳಿ ಇಲ್ಲದ ಪೀಠ ಪೀಠವೇ? ಕುಡುಕ ಯಜಮಾನ ಲೋಟ ಎಸೀತಾನೆ, ಗಿಳಿ ಕಣ್ಣು ಕಳ್ಕೊಳ್ಳುತ್ತೆ, ಆಮೇಲೆ ಏನಂತೆ ಅದು, ಯಜಮಾನ, ಇನ್ನೊಂದು ಲೋಟ ಹಾಕಲಾ, ಅಂತ — ತರುಣರು ಆ ಮಾತನ್ನು ಮೇಷ್ಟ್ರ ಜೊತೆಗೇ ಹೇಳಿದರು, ಒಂದೇ ಉಸಿರಿಗೆ, ಜಪದ ಹಾಗೆ, ನಕ್ಕರು, ಅದು ಗಂಡನ ಎಲ್ಲಕ್ಕಿಂತ ಹೆಸರಾದ ಕಥೆ, ಮಕ್ಕಳ ಬಾಯಲ್ಲೂ ಅದೇ. ಈ ಮನೆಯಲ್ಲಿ ಎಂದೂ ಗಿಳಿ ಇರಲಿಲ್ಲ. ಇದ್ದದ್ದು ಒಂಬತ್ತು ವರ್ಷದ ಸೆನಾಯ್ದಾ, ಎರಡು ಜಡೆ, ಹಲ್ಲು ಬಿದ್ದ ಬಾಯಿ, ಮೂರು ವಾರದಿಂದ ಒಂದಕ್ಷರ ಮೂಡದ ಅಪ್ಪನ ಮೇಜಿಗೆ ಒರಗಿ, ಅಪ್ಪಾ, ಇದೇ ಸಾಲು ನಿನ್ನೇನೂ ಬರ್ದಿದ್ದೆ, ಎಂದಿತು, ಅಷ್ಟೇ ಅಂದದ್ದು. ಲೋಟ ತುಂಬಿಸಿ ಅವನ ಕೈಗೆ ಕೊಟ್ಟು ಆಗತಾನೆ ಹಿಂದೆ ಸರಿದಿದ್ದಳು ಎರ್ಮೀನಿಯಾ, ಕುಡಿದರೆ ಸುಮ್ಮನಾಗುತ್ತಾನೆ ಎಂದು ತಾನೇ ತುಂಬಿಸಿದ್ದು, ತಾನೇ, ಈ ಕೈಯಿಂದಲೇ — ಇಗರ್ಜಿಯಲ್ಲಿ ಮೇಣ ಉರಿದು ಮುಗಿದ ಮೇಲೆ ತೊಳೆದು ತಂದ ದಪ್ಪ ಗಾಜಿನ ದೀಪದ ಲೋಟ, ತಳದಲ್ಲಿ ಉಬ್ಬಿದ ಶಿಲುಬೆ, ಊರಲ್ಲಿ ಎಲ್ಲರೂ ಅಂಥದ್ದರಲ್ಲೇ ಕುಡಿಯುವುದು, ಶಿಲುಬೆ ಕಾಣುವವರೆಗೆ ಕುಡಿ ಎಂದು ಗಂಡಸರ ತಮಾಷೆ — ಗಾಳಿಯಲ್ಲಿ ಅದು ತಿರುಗುತ್ತ ಹೋಯಿತು, ಒಮ್ಮೆ ಬಾಯಿ, ಒಮ್ಮೆ ತಳ, ಬಾಯಿ, ತಳ, ಮೆಸ್ಕಾಲ್ ಹಗ್ಗದ ಹಾಗೆ ಬಿಚ್ಚಿಕೊಂಡಿತು, ಆಮೇಲಿನ ಸದ್ದು, ಹಸಿ ಸೋರೆಕಾಯಿಯನ್ನು ಕಲ್ಲಿಗೆ ಕುಕ್ಕಿದ ಹಾಗೆ. ಮಗು ಎರಡೂ ಕೈಯಿಂದ ಎಡಗಣ್ಣು ಮುಚ್ಚಿಕೊಂಡಿತು. ಬೆರಳ ಸಂದಿಯಿಂದ ರಕ್ತದ ಜೊತೆ ಬೇರೇನೋ, ಮೊಟ್ಟೆಯ ಬಿಳಿಯಂಥದು, ಹಾಳೆಯ ಮೇಲೆ ತೊಟ್ಟಿಕ್ಕಿತು, ಲೋಟಕ್ಕೆ ಒಂದು ಬಿರುಕೂ ಇಲ್ಲ, ಉರುಳಿ ಬಂದು ಇವಳ ಪಾದದ ಬಳಿ ಅಂಗಾತ ನಿಂತಿತು, ಶಿಲುಬೆ ತೋರಿಸುತ್ತ. ಕೆನ್ನೆಯ ಮೂಳೆಯ ಮೇಲೆ ಅದೇ ಶಿಲುಬೆ ನೀಲಿಯಾಗಿ ಮೂಡಿತ್ತು ಮಗುವಿಗೆ. ಹದಿನೈದು ದಿನಕ್ಕೆ ಅವನು ನೆಟ್ಟಗೆ ಕೂತು ಗಿಳಿಯ ಕಥೆ ಹೇಳಿದ, ಇವಳು ಟೈಪು ಮಾಡಿದಳು, ಗಿಳಿ ಯಜಮಾನನಿಗೆ ಇನ್ನೊಂದು ಲೋಟ ಹಾಕಲಾ ಎಂದ ಕಡೆ — ದೇವರೇ — ನಗು ಬಂತು, ಅಷ್ಟು ಚೆನ್ನಾಗಿತ್ತು, ಅಷ್ಟು ಚೆನ್ನಾಗಿ ಬರೆದಿದ್ದ, ಫಕ್ಕನೆ ನಕ್ಕಳು, ತಲೆ ಎತ್ತಿದರೆ ಬಾಗಿಲಲ್ಲಿ ಬಿಳಿ ಪಟ್ಟಿ ಕಟ್ಟಿಕೊಂಡ ಮಗಳು, ಅಮ್ಮ ನಗುವುದನ್ನು ಉಳಿದ ಒಂದು ಕಣ್ಣಲ್ಲಿ ನೋಡುತ್ತ.

ಆ ಗಿಳಿ ತೆಗೀರಿ, ಎಂದಳು ಎರ್ಮೀನಿಯಾ. ಯಾರಿಗೂ ಕೇಳಿಸಲಿಲ್ಲ, ಅವಳ ದನಿ ಯಾರಿಗೆ ಯಾವಾಗ ಕೇಳಿಸಿದೆ, ಎರಡೂ ಐವತ್ತೆಂಟು, ಕ್ರಿಸಾಂತಾ ಅಡುಗೆಮನೆಯಿಂದ ಕುಣಿಯುತ್ತ ಬರುತ್ತಾಳೆ, ಸಿಕ್ತು ಕಣ್ರೋ, ಉಪ್ಪಿನ ಭರಣಿ ಹಿಂದೆ ಬಚ್ಚಿಟ್ಟಿದ್ಲು ಕಳ್ಳಿ, ಇದೇ ಅಲ್ವೇನೇ ನಿನ್ ಗಂಡನ್ ಲೋಟ? ಇದೇ. ಒಡೆಯಲು ಎಷ್ಟು ಸಲ ಎತ್ತಿದ್ದಳೋ, ಎಸೆಯುವುದು ಅವನ ಕೆಲಸ, ತನ್ನ ಕೆಲಸ ಎತ್ತಿಡುವುದು ಎಂದು ಮತ್ತೆ ಎತ್ತಿಟ್ಟಿದ್ದಳು. ಮೇಷ್ಟ್ರು ಸುರಿಯುತ್ತಾರೆ, ಅಂಚಿನಲ್ಲಿ ಮುತ್ತಿನಂಥ ಗುಳ್ಳೆ ಸಾಲುಗಟ್ಟುತ್ತದೆ, ತಗೊಳ್ಳಿ ದೊನ್ಯಾ, ನಿಮ್ಮ ಕೈಯಿಂದ್ಲೇ ಇಡಿ, ಅವರಿಗೆ ನೀವು ಕೊಟ್ರೇ ತೃಪ್ತಿ. ಲೋಟ ಅಂಗೈಯಲ್ಲಿ ಕೂತಿತು, ಗುರುತು ಹಿಡಿದ ನಾಯಿಯ ಹಾಗೆ. ಹೊರಗೆ ಬಾಗಿಲೆದುರೇ ಬಸ್ಸಿನ ಬ್ರೇಕು ಕಿರ್ರೆಂದಿತು, ಗಂಟೆ ಬಡಿಯಿತು, ಒಂದು, ಪಟದೊಳಗೆ ಅವನು ನಗುತ್ತಿದ್ದಾನೆ, ಎರಡು, ಕೊಡೇ ಎನ್ನುತ್ತಿದ್ದಾನೆ, ಆಯ್ತು ಎನ್ನಲು ನಾಲಿಗೆ ಏಳುತ್ತಿದೆ, ಮೂರು, ಮತ್ತು ನಾಲಿಗೆಗಿಂತ ಮೊದಲು ತೋಳು ಎದ್ದಿತು, ಭುಜದ ಕೀಲು ಕಳಚುವಷ್ಟು ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಯಾರೂ ಕಲಿಸದೆ, ಎಷ್ಟು ಸಲೀಸು, ಅಯ್ಯೋ ಎಷ್ಟು ಹಿತ, ಇದಕ್ಕೇ ಏನೋ ಅವನು — ಮೇಷ್ಟ್ರು ಕಿರುಚಿದರು, ಮೆಸ್ಕಾಲ್ ಹಗ್ಗದ ಹಾಗೆ ಬಿಚ್ಚಿಕೊಂಡು ದೀಪಗಳ ಮೇಲೆ ಬಿತ್ತು, ನೀಲಿ ಉರಿ ಗಿಳಿಯ ಬಾಲ ಹಿಡಿದು ಮೇಲೇರಿತು, ಲೋಟ ಪಟದ ಕಡೆಗೆ, ಅವನ ನಗುವ ಮುಖದ ಕಡೆಗೆ ಹೊರಟಿದೆ, ಮತ್ತು ತೆರೆದ ಬಾಗಿಲಲ್ಲಿ, ಚೀಲ ಕೆಳಗೆ ಬಿಟ್ಟು, ಸೆನಾಯ್ದಾ, ಲೋಟ ಅವಳ ಕಡೆ ಬರುತ್ತಿಲ್ಲ, ಇಲ್ಲ ಮಗಳೇ ನಿನ್ನ ಕಡೆಗಲ್ಲ, ಆದರೂ ಅವಳ ಕೈ ಮೇಲೆ ಹಾರಿ ಉಳಿದ ಒಂದು ಕಣ್ಣನ್ನು ಮುಚ್ಚಿಕೊಂಡಿದೆ, ಎಸೆದದ್ದು ಯಾರೆಂದು ಮೊದಲೇ ನೋಡಿಬಿಟ್ಟ ಕಣ್ಣು, ಲೋಟ ಇನ್ನೂ ಗಾಳಿಯಲ್ಲಿದೆ, ತಿರುಗುತ್ತಿದೆ, ಬಾಯಿ, ತಳ, ಬಾಯಿ, ತಳ, ತಳದಲ್ಲಿ ಶಿಲುಬೆ