ತುದಿಯ ಗೋಮಾಳ

ಬೆಟ್ಟದ ವನ್ಯಜೀವಿ ಪಾರ್ಕಿನಲ್ಲಿ ಗಾರ್ಡ್ ಆಗಿದ್ದವಳಿಗೆ ಗುಡ್ಡ ಹತ್ತಲು ಕಲಿಸಿದ್ದೇ ಅವಳಣ್ಣ. ಕುರಿ ಕಾಯುವವನು. ಕಾಡುಮೇಕೆಯ ಹೆಜ್ಜೆ ಯಾವುದು, ಊರಮೇಕೆಯದು ಯಾವುದು ಎಂದು ಕೆಸರಲ್ಲಿ ಬೆರಳಿಟ್ಟು ತೋರಿಸಿದವನೂ ಅವನೇ. "ನೌಕರಿ ಇವಳದ್ದು, ಕಾಲು ನಂದು," ಎಂದು ಊರವರನ್ನು ನಗಿಸುತ್ತಿದ್ದ.

ಊರವರ ಕುರಿ ಮೇಯುತ್ತಿದ್ದ ಬೆಟ್ಟದ ತುದಿಯ ಗೋಮಾಳವನ್ನೂ ಸೇರಿಸಿ ಪಾರ್ಕಿಗೆ ಪೂರ್ಣ ರಕ್ಷಣೆ ಕೊಡುವ ಮಾತು ಬಂದಾಗ, ಕುರಿ ಇಳಿಸಲು ಜನರನ್ನು ಒಪ್ಪಿಸುವ ಕೆಲಸ ಅವಳ ತಲೆಗೆ ಬಿತ್ತು. ಮೊದಲು ಹೋದದ್ದು ಅಣ್ಣನ ಮನೆಗೇ.

"ನೀನು ಇಳಿದ್ರೆ ಉಳಿದವರೂ ಇಳೀತಾರೆ. ಇನ್ಮೇಲೆ ಅಲ್ಲಿ ಯಾರಿಗೂ ಜಾಗ ಇಲ್ಲ ಅಣ್ಣ, ಎಂಥ ದೊಡ್ಡವರಿಗೂ."

ಅವನು ಬಾಗಿಲಾಚೆಯ ಹಿಂಡಿನ ಕಡೆ ನೋಡಿದ. "ಆಯ್ತು, ನಿನ್ನ ಮಾತಿಗೆ," ಎಂದ. ಮೇಯಿಸಲು ಜಾಗ ಸಾಲದೆ ಮುಕ್ಕಾಲು ಹಿಂಡು ಮಾರಿದ.

ಕೆಲವು ವರ್ಷಗಳಲ್ಲೇ ಹೋಟೆಲ್ ಕಟ್ಟಲು ಬಂದವರ ಕಣ್ಣು ಗೋಮಾಳದ ಮೇಲೆ ಬಿತ್ತು. ಅದಕ್ಕೆ ರಕ್ಷಣೆ ಸಿಕ್ಕಿದ್ದೇ ಕಾಡುಮೇಕೆಗಾಗಿ; ಅವು ಅಲ್ಲಿ ಇಲ್ಲವೆಂದಾದರೆ ಅಷ್ಟು ಜಾಗವನ್ನು ಪಾರ್ಕಿನಿಂದ ಕೈಬಿಡಬಹುದಿತ್ತು. ಶಾಲೆಯ ಹಾಲಿನಲ್ಲಿ ವಿಚಾರಣೆ ನಡೆಯಿತು. ಸಾಕ್ಷಿ ಹೇಳಲು ಅಣ್ಣ ಎದ್ದಾಗ ಅವಳಿಗೆ ಜೀವ ಬಂದಂತಾಯಿತು. ಹೋದ ವಾರ ತಾನೇ ಇಬ್ಬರೂ ಬಂಡೆಯ ಮರೆಯಲ್ಲಿ ಬೋರಲು ಮಲಗಿ, ತಾಯಿಮೇಕೆ ಮರಿಗೆ ಹಾಲೂಡುವುದನ್ನು ನೋಡಿದ್ದರು.

"ಮೇಕೆ ಇವೆಯೇನಪ್ಪಾ?" ಅಧಿಕಾರಿ ಕೇಳಿದರು.

"ಹಿಂದೆ ಇದ್ವು ಸಾರ್. ಈಗ ಒಂದೂ ಇಲ್ಲ."

"ಸುಳ್ಳು!" ಅವಳು ಎದ್ದು ಕೂಗಿದಳು.

"ಇಲಾಖೆಯವರು ಇಲ್ಲಿ ಮಾತಾಡೋ ಹಾಗಿಲ್ಲಮ್ಮ, ಕೂತ್ಕೋ," ಎಂದರು ವಿಚಾರಣೆಯ ಅಧಿಕಾರಿ. ಪಕ್ಕದಲ್ಲಿದ್ದ ಅವಳ ಮೇಲಧಿಕಾರಿ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ. ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು.

ಹೊರಗೆ ನಲ್ಲಿಯ ಹತ್ತಿರ ಅಣ್ಣನನ್ನು ಹಿಡಿದು ನಿಲ್ಲಿಸಿದಳು. "ಯಾಕಣ್ಣ?"

"ಹೋಟೆಲಿನ ಗೇಟಲ್ಲಿ ಕೆಲಸ ಕೊಡ್ತಾರೆ."

"ನನಗೊಂದು ಮಾತು ಹೇಳಬಹುದಿತ್ತಲ್ಲ?"

"ನಿನ್ನ ಮಾತು ಕೇಳೇ ಅಲ್ವಾ ಕುರಿ ಕಳ್ಕೊಂಡಿದ್ದು? ಅವತ್ತು ತಂಗಿಯಾಗಿ ಬಂದಿದ್ಯಾ, ಸರ್ಕಾರವಾಗಿ ಬಂದಿದ್ಯಾ?"

"ತಂಗಿಯಾಗೇ."

"ನಂಗೆ ಹಾಗೆ ಕಾಣ್ಲಿಲ್ಲ ಬಿಡು."

ಹೊರಗಿನವರಾಗಿದ್ದರೆ ಬಡಿದಾಡಬಹುದಿತ್ತು, ಒಡಹುಟ್ಟಿದವನ ಜೊತೆ ಏನಂತ ಬಡಿದಾಡುವುದು? ತಾನು ಕೊಟ್ಟ ಮಾತನ್ನು ಮೇಲಿನವರು ಮೂರು ಕಾಸಿನದಾಗಿಸಿದ್ದರು. ಅವರ ಮೇಲಿನ ಸಿಟ್ಟನ್ನು ಅಣ್ಣ ತನ್ನ ಮೇಲೆ ತೀರಿಸಿಕೊಂಡಿದ್ದ.

ಗೋಮಾಳ ಪಾರ್ಕಿನಿಂದ ಹೊರಬಿತ್ತು. ಪಾರ್ಕಿನ ಗಡಿಕಲ್ಲುಗಳನ್ನು ಕೀಳಿಸಿ ಗೋಮಾಳದ ಕೆಳಗೆ ನೆಡಿಸುವ ಕೆಲಸವೂ ಅವಳಿಗೇ ಬಂತು. ಬುಲ್ಡೋಜರ್ ಸದ್ದಿಗೆ ಮೇಕೆಗಳು ಎತ್ತ ಹೋದವೋ.

ಈಗ ತುದಿಗೆ ಹೋಗುವ ದಾರಿ ಹೋಟೆಲಿನ ಗೇಟಿನ ಮೂಲಕವೇ. ಮೇಕೆಗಳ ಸುಳಿವು ಹುಡುಕಿ ಮೊದಲ ಸಲ ಹೋದಾಗ ನೀಲಿ ಸಮವಸ್ತ್ರದ ಅಣ್ಣ ತಾನಾಗಿ ಅಡ್ಡಕಂಬ ಎತ್ತಿದ. "ಮಂಜು ಬಿದ್ದಿದೆ, ಹುಷಾರು," ಎಂದ. ಅವಳು ಅತ್ತ ನೋಡಲಿಲ್ಲ. ತಿರುವು ದಾಟಿ, ಅವನಿಗೆ ಕಾಣದಷ್ಟು ದೂರ ಹೋದ ಮೇಲೆ, ಕಲ್ಲೊಂದರ ಮೇಲೆ ಕೂತು ಮನಸಾರೆ ಅತ್ತಳು.