ಗೀರುಬದನೆ ಒಯ್ದ ತಜ್ಞ

ಬದನೆಕಾಯಿ ಕಳ್ಳ ಎಂದರೆ ಟೈ ಮುಟ್ಟಿ ನೋಡಿಕೊಂಡನಂತೆ. ಗಾದೆ ಹೀಗಿಲ್ಲವೆಂದು ಗೊತ್ತು. ಹೆಗಲು ಮುಟ್ಟಿಕೊಳ್ಳುವಷ್ಟು ಮಾನವಂತ ಕಳ್ಳರು ಈಗ ಸಿಗಬೇಕಲ್ಲ. ಗಾದೆ ಸೊಟ್ಟಗಾದರೂ ಕಥೆ ಮಾತ್ರ ನೆಟ್ಟಗಿದೆ, ನಡೆದದ್ದೇ.

ಬೀಜದ ಕಂಪನಿಯ ಅಧಿಕಾರಿ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಾಗ ದೊಡ್ಡಮ್ಮ ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚುತ್ತಿದ್ದಳು. ಬೀದಿಗೆಲ್ಲ ಅವಳು ದೊಡ್ಡಮ್ಮ. ಅಂಗಡಿಯ ಹಿತ್ತಲಲ್ಲಿ ನಾಲ್ಕು ಸಾಲು ಗೀರುಬದನೆ: ಬಿಳಿ ಮೈ, ನೇರಳೆ ಗೀರು, ಅವಳ ಅತ್ತೆಯ ಅತ್ತೆಯಿಂದ ಕೈಯಿಂದ ಕೈಗೆ ಬಂದ ತಳಿ. ಬೀದಿಯ ಹನ್ನೆರಡು ಮನೆಯವರು ಅದನ್ನೇ ಬೆಳೆದು ಮಾರುತ್ತಿದ್ದರು.

ಬಂದವನ ಉದ್ದೇಶ ಊರಿಗೇ ಗೊತ್ತಿತ್ತು. ನೋಂದಣಿ ಕಚೇರಿಯಲ್ಲಿ ಕಂಪನಿಯ ಅರ್ಜಿ ಮೊದಲು, ಬೀದಿಯ ಸಂಘದ್ದು ಎರಡನೆಯದು. ಈ ಹಂಗಾಮಿನಲ್ಲಿ ಗಿಡ ಬೆಳೆಸಿ ತೋರಿಸಿದರೆ ಗೀರುಬದನೆ ಕಂಪನಿಯದು. ಆಮೇಲೆ ಹನ್ನೆರಡು ಮನೆಯವರೂ ತಮ್ಮ ಹಿತ್ತಲಲ್ಲಿ ಬಿತ್ತಲು ಅವರ ಅಪ್ಪಣೆ ಬೇಡಬೇಕು. ತೋರಿಸದಿದ್ದರೆ ಅರ್ಜಿ ಬಿದ್ದು ಸಂಘದ ಸರದಿ. ಬಿತ್ತನೆಗೆ ಕಡೆಯ ದಿನ ನಾಳಿದ್ದು. ಪೇಟೆಯಲ್ಲಿ ಒಂದು ಕಾಯಿ ಆರಿಸಲು ಬಾರದವರಿಗೆ ಪೇಟೆಂಟಿನ ಚಪಲ!

"ನಮ್ಮನ್ನ ಹೊರಗಿನೋರು ಅನ್ಕೋಬೇಡಿ ಆಂಟಿ. ನಾವೆಲ್ಲ ಒಂದೇ ಫ್ಯಾಮಿಲಿ," ಎಂದ, ಪ್ರತಿ ಪದಕ್ಕೂ ಇಸ್ತ್ರಿ ಹಾಕಿದಂತೆ.

"ಗೊತ್ತಾಯ್ತು ಬಿಡಪ್ಪ, ಪಾಲು ಕೇಳೋಕೆ ಬಂದಾಗ್ಲೇ."

ಗುಂಡಿ ಹೊಲಿಯುತ್ತಿದ್ದ ನಾದಿನಿ ಅವನಿಗೆ ಬಾಗಿಲು ತೋರಿಸಲು ಎದ್ದಳು. ದೊಡ್ಡಮ್ಮ ಕಣ್ಣಲ್ಲೇ ಕೂರಿಸಿದಳು. ಇಲ್ಲಿಂದ ಓಡಿಸಿದರೆ ಪಕ್ಕದ ಮನೆಗೆ ನುಗ್ಗುತ್ತಾನೆ; ಅಲ್ಲಿನ ನಿವೃತ್ತ ಪೋಸ್ಟ್‌ಮಾಸ್ಟರು ಯಾರಾದರೂ ಎರಡು ಸಲ 'ಸರ್' ಎಂದರೆ ಬೀಜದ ಜೊತೆಗೆ ಡಬ್ಬಿಯನ್ನೂ ಕೊಟ್ಟು ಕಳಿಸುವ ಆಸಾಮಿ. ಇವನು ಇಲ್ಲೇ ತೃಪ್ತನಾಗಿ ತೊಲಗಬೇಕು.

ಹಿತ್ತಲಿಗೆ ಕರೆದೊಯ್ದಳು. ಎಳೆಗಾಯಿಗಳು ಮಿರಮಿರ ಮಿಂಚುತ್ತಿದ್ದವು. ನಡುನಡುವೆ ಕೆಂಪು ದಾರ ಕಟ್ಟಿದ ಕೆಲವು, ಗಿಡದಲ್ಲೇ ಹಣ್ಣಾಗಿ, ಹಳದಿಗೆ ತಿರುಗಿ, ಚರ್ಮ ಗಡುಸಾಗಿ ಜೋಲುತ್ತಿದ್ದವು. ಬೀಜ ಬಲಿಯುವುದು ಅವುಗಳಲ್ಲೇ. ಎಳೆಗಾಯಿಯ ಬೀಜ ಮಣ್ಣಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಒಂದು ಕುಂಡ ಇಟ್ಟವರಿಗೂ ಗೊತ್ತಿರುವ ಮಾತು. ಈತನೋ ಬದನೆಯ ಮೇಲೆ ನಲವತ್ತು ಸ್ಲೈಡು ತೋರಿಸಿ ತಜ್ಞನಾದವನು. ಪುಸ್ತಕದ ಬದನೆಕಾಯಿ ಎನ್ನೋಣವೆಂದರೆ ಪುಸ್ತಕಕ್ಕೆ ಅವಮಾನ.

"ಇವಕ್ಕೇನು ರೋಗ?" ಹಳದಿಯವನ್ನು ಕಂಡು ಮೂಗು ಮುಚ್ಚಿಕೊಂಡ.

"ವಯಸ್ಸು. ನಂಗೂ ಅದೇ ಆಗಿರೋದು."

ಅವನು ದಾರ ಕಟ್ಟಿದ ಒಂದನ್ನು ಹಿಡಿದು ತಿರುಗಿಸಿ, ದಾರ ಯಾಕೆಂದು ಕೇಳಿದ. ದೊಡ್ಡಮ್ಮನ ಮುಖದಲ್ಲಿ ಒಂದು ಹೊಲಿಗೆಯೂ ಬಿಚ್ಚಲಿಲ್ಲ.

"ಯಾರೂ ತಿನ್ನಬಾರದು ಅಂತ ಗುರುತು."

ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ. ಅವನು ಕೈಬಿಟ್ಟು ಕರ್ಚೀಫಿನಿಂದ ಬೆರಳು ಬೆರಳೂ ಒರೆಸಿಕೊಂಡ. ಕಂಪನಿಗೆ ಪ್ರೀಮಿಯಂ ಮಾಲು ಬೇಕು, ಬೀಜ ತಾವೇ ತೆಗೆಸಿಕೊಳ್ಳುತ್ತೇವೆ ಎಂದು ಉಪದೇಶಿಸುತ್ತ, ತನ್ನ ಕೈಯಾರೆ ಇಪ್ಪತ್ತು ಎಳೆಗಾಯಿ ಆರಿಸಿದ. ಒಂದೊಂದನ್ನೂ ಕೂಸಿನಂತೆ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗೆ ಮೊಹರು ಹಾಕಿ, 'ಬೀಜಕ್ಕಾಗಿ ಆಯ್ದ ಅತ್ಯುತ್ತಮ ಕಾಯಿಗಳು' ಎಂದು ಬರೆದು ಸಹಿ ಜಡಿದ. ಎರಡು ದಿನದ ದಾರಿ, ಪ್ರಯೋಗಾಲಯ ತಲುಪುವಾಗ ಬಿತ್ತನೆಯ ಕಡೆಯ ದಿನವೇ ಆಗುತ್ತದೆಂದು ತಾನಾಗಿ ತಿಳಿಸಿದ.

ಹೊರಡುವಾಗ ಅಂಗಡಿಯಲ್ಲಿ ನಿಂತು ನಾದಿನಿಯತ್ತ ಬಗ್ಗಿ, ಗುಟ್ಟಿನ ಧಾಟಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದ: "ಪಾಪ, ನಿಮ್ಮತ್ತಿಗೆ ಒಳ್ಳೇದನ್ನೆಲ್ಲ ನಮಗೆ ಕೊಟ್ಟು, ಹಾಳಾದದ್ದನ್ನ ಜೋಪಾನ ಮಾಡ್ತಿದ್ದಾರೆ."

ನಾದಿನಿ ತುಟಿ ಕಚ್ಚಿದಳು, ತಡೆಯಲಾಗದೆ ಮೂಗಿನಿಂದ ಸಿಡಿದಳು. ದೊಡ್ಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ಹೆಗಲು ಕುಣಿಯಿತು. ಬ್ಲೌಸು ಕೇಳಲು ಬಂದಿದ್ದ ನರ್ಸಮ್ಮನ ಹಿತ್ತಲಲ್ಲೂ ಅದೇ ಬದನೆ. ಅವಳು ಗೋಡೆ ಹಿಡಿದು ನಕ್ಕಳು. ತನ್ನ ಜೋಕು ಇಷ್ಟು ಚೆನ್ನಾಗಿದೆಯೆಂದು ಅಧಿಕಾರಿಗೇ ತಿಳಿದಿರಲಿಲ್ಲ. ಪೆಟ್ಟಿಗೆಯನ್ನು ಹೊಟ್ಟೆಗೆ ಅವುಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ.